ಲಾಕ್‌ಡೌನ್ ತೆರೆದ ಬಾಗಿಲುಗಳು: ಮನೆಯಲ್ಲೇ ಕಲಿಯುವವರಿಗೆ 7 ಸೂತ್ರಗಳು

2020ರ ಮಾರ್ಚ್‌ನಲ್ಲಿ ಶಾಲೆ, ಕಾಲೇಜು, ಲೈಬ್ರರಿ ಎಲ್ಲಕ್ಕೂ ಬೀಗ ಬಿತ್ತು. ಆದರೂ ಅದೇ ವರ್ಷದ ಜೂನ್ 25ರಿಂದ ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯಿತು. ಲಕ್ಷಾಂತರ ಮಕ್ಕಳು ಮಾಸ್ಕ್ ಹಾಕಿಕೊಂಡೇ ಉತ್ತರ ಬರೆದರು. ಮನೆಯಲ್ಲಿ ಕೂತವರಿಗೆ ಪಾಠ, ಪುಸ್ತಕ ಮುಟ್ಟಿಸಲು ಆಗ ಮೇಷ್ಟ್ರುಗಳೂ ಗ್ರಂಥಪಾಲಕರೂ ಹುಡುಕಿದ ದಾರಿಗಳಲ್ಲಿ ಹಲವು ಇಂದಿಗೂ ತೆರೆದಿವೆ. ನೀವು ಪಿಯು ಓದುತ್ತಿರಬಹುದು, ಡ್ಯೂಟಿ ಮುಗಿಸಿ ಬಂದು ಎಫ್‌ಡಿಎ ಪರೀಕ್ಷೆಗೆ ತಯಾರಿ ನಡೆಸುತ್ತಿರಬಹುದು. ಈ ದಾರಿಗಳು ನಿಮಗೂ ಸೇರಿದವು. ಹಿಡಿದು ಹೊರಡಿ.

1. ಇವತ್ತೇ ಸದಸ್ಯರಾಗಿ

ನಮ್ಮ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಡಿಜಿಟಲ್ ಲೈಬ್ರರಿ ಶುರುವಾದದ್ದು 2020ರಲ್ಲಿ, ಲಾಕ್‌ಡೌನ್‌ಗೆ ಸ್ವಲ್ಪ ಮುಂಚೆ. ನೋಂದಣಿ ಉಚಿತ. ಕನ್ನಡ ಪುಸ್ತಕ, ಪಠ್ಯ, ಸ್ಪರ್ಧಾತ್ಮಕ ಪರೀಕ್ಷೆಯ ಸಾಮಗ್ರಿ ಫೋನ್‌ನಲ್ಲೇ ಸಿಗುತ್ತದೆ. ಐಐಟಿ ಖರಗ್‌ಪುರ ನಡೆಸುವ ನ್ಯಾಷನಲ್ ಡಿಜಿಟಲ್ ಲೈಬ್ರರಿಯಲ್ಲೂ ಖಾತೆ ತೆರೆಯಿರಿ. ಅಲ್ಲಿ ಶಾಲಾ ಪಠ್ಯದಿಂದ ಸಂಶೋಧನಾ ಪ್ರಬಂಧದವರೆಗೆ ಒಂದೇ ಕಡೆ ಹುಡುಕಬಹುದು. ಪುಸ್ತಕಕ್ಕೆ ದುಡ್ಡಿಲ್ಲ ಎಂದು ಕೈಕಟ್ಟಿ ಕೂರುವ ಮೊದಲು ಈ ಎರಡನ್ನೂ ತೆರೆದು ನೋಡಿ.

2. ನಿಮ್ಮ ಕೈಯಲ್ಲಿ ಏನಿದೆಯೋ ಅದರಿಂದ ಪ್ಲಾನ್ ಮಾಡಿ

ಇದನ್ನು 2020ರ ಆಗಸ್ಟ್‌ನಲ್ಲಿ ಶುರುವಾದ, ಶಿಕ್ಷಣ ಇಲಾಖೆಯ ವಿದ್ಯಾಗಮ ಯೋಜನೆಯಿಂದ ಕಲಿಯಿರಿ. ಮಕ್ಕಳನ್ನು ಮೂರು ಗುಂಪು ಮಾಡಿದರು: ಇಂಟರ್‌ನೆಟ್ ಇರುವವರು, ಸಾದಾ ಫೋನ್ ಮಾತ್ರ ಇರುವವರು, ಏನೂ ಇಲ್ಲದವರು. ಒಬ್ಬೊಬ್ಬರಿಗೆ ಒಂದೊಂದು ದಾರಿ. ಏನೂ ಇಲ್ಲದವರ ಬಳಿಗೆ ಮೇಷ್ಟ್ರೇ ನಡೆದು ಹೋದರು. ದೇವಸ್ಥಾನದ ಜಗಲಿ, ಸಮುದಾಯ ಭವನ, ಮರದ ನೆರಳು ಎಲ್ಲವೂ ಕ್ಲಾಸ್‌ರೂಮ್ ಆದವು. ಸೋಂಕಿನ ಆತಂಕದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. 2021ರ ಜನವರಿಯಲ್ಲಿ ಶಾಲೆಯ ಆವರಣದಲ್ಲೇ ಮತ್ತೆ ಆರಂಭವಾಯಿತು. ನನ್ನನ್ನು ಕೇಳಿದರೆ ಆ ಎರಡು ವರ್ಷದ ಅತ್ಯಂತ ಬುದ್ಧಿವಂತ ಯೋಜನೆ ಇದೇ. ಫೋನೇ ಇಲ್ಲದ ಮಗುವಿಗೆ ಆ್ಯಪ್‌ನ ಹೆಸರು ಹೇಳಿ ಕೈತೊಳೆದುಕೊಳ್ಳುವವರು ಆಗ ಬೇಕಾದಷ್ಟಿದ್ದರು.

ನೀವೂ ಹಾಗೇ ಮಾಡಿ. ಹಾಳೆ ತೆಗೆಯಿರಿ. ದಿನಕ್ಕೆ ಎಷ್ಟು ಡೇಟಾ, ಫೋನ್ ಎಷ್ಟು ಹೊತ್ತು ನಿಮ್ಮದು, ಕರೆಂಟ್ ಯಾವಾಗ ಹೋಗುತ್ತದೆ ಎಂದು ಬರೆಯಿರಿ. ಮನೆಯಲ್ಲಿ ಮೂವರಿಗೆ ಒಂದೇ ಫೋನ್ ಇದ್ದರೆ ಲೈವ್ ಕ್ಲಾಸ್ ನಂಬಬೇಡಿ, ರೆಕಾರ್ಡಿಂಗ್ ನೋಡಿ. ಡೇಟಾ ಕಡಿಮೆಯೇ? ವಿಡಿಯೊ ಬಿಡಿ, ಪಿಡಿಎಫ್ ಹಿಡಿಯಿರಿ. ಪಕ್ಕದ ಮನೆಯ ಹುಡುಗನ ಟೈಮ್‌ಟೇಬಲ್ ನಿಮಗೆ ಒಗ್ಗುವುದಿಲ್ಲ.

3. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ

ಪಾಠದ ಪಕ್ಕದಲ್ಲಿರುವ ಆ ಕಪ್ಪು ಚೌಕ ಅಲಂಕಾರಕ್ಕಲ್ಲ. ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ, ಆ ಪಾಠಕ್ಕೇ ಸಂಬಂಧಿಸಿದ ವಿಡಿಯೊ, ಅಭ್ಯಾಸ ತೆರೆಯುತ್ತದೆ. ಯೂಟ್ಯೂಬ್‌ನಲ್ಲಿ ಹುಡುಕುತ್ತ ಹೋದರೆ ಅರ್ಧ ಗಂಟೆ ರೀಲ್ಸ್‌ಗೆ ಹೋಗುತ್ತದೆ.

4. ಟಿವಿಯನ್ನು ಕೀಳಾಗಿ ನೋಡಬೇಡಿ

2020ರ ಜುಲೈನಲ್ಲಿ ಚಂದನ ವಾಹಿನಿ ಹೈಸ್ಕೂಲ್ ಮಕ್ಕಳಿಗೆ ಸೇತುಬಂಧ ಪಾಠ ಹೇಳಿತು. ಟಿವಿಗೆ ಇಂಟರ್‌ನೆಟ್ ಬೇಡ, ಡೇಟಾ ಮುಗಿಯಿತೆಂಬ ನೆಪವೂ ಇಲ್ಲ. ಡಿಗ್ರಿ ಓದುವವರು ಸ್ವಯಂ ಪ್ರಭಾ ಚಾನೆಲ್‌ಗಳನ್ನು ನೋಡಿ. ಪೆನ್ನು ಹಿಡಿದು ಕೂರಿ. ಸುಮ್ಮನೆ ನೋಡಿದ ಪಾಠ ಧಾರಾವಾಹಿಯಷ್ಟೇ ಬೇಗ ಮರೆತುಹೋಗುತ್ತದೆ.

5. ಗ್ರಂಥಪಾಲಕರನ್ನು ಕೆಲಸಕ್ಕೆ ಹಚ್ಚಿ

ನಮ್ಮವರು ಅತಿ ಕಡಿಮೆ ಬಳಸುವ ಸೌಲಭ್ಯ ಇದು. ಗ್ರಂಥಪಾಲಕರೆಂದರೆ ಪುಸ್ತಕದ ಮೇಲೆ ತಾರೀಖಿನ ಸೀಲು ಒತ್ತುವವರು ಎಂದುಕೊಂಡಿದ್ದೀರಾ? ಕಾಲೇಜಿನ ಲೈಬ್ರರಿ ಚಂದಾ ಕಟ್ಟಿದ ಇ-ಜರ್ನಲ್‌ಗಳನ್ನು ಮನೆಯಿಂದಲೇ ಓದಲು ಲಾಗಿನ್ ಕೊಡುವವರು ಅವರೇ. ಕ್ಯಾಂಪಸ್ ಮುಚ್ಚಿದಾಗ ಹೀಗೆ ಮನೆಯಿಂದಲೇ ಲಾಗಿನ್ ಆಗಲು ಬಿಡುವ, ಇನ್‌ಫ್ಲಿಬ್‌ನೆಟ್ ಸಂಸ್ಥೆಯ ಇನ್‌ಫೆಡ್ ವ್ಯವಸ್ಥೆ ಬಹಳ ವಿಶ್ವವಿದ್ಯಾಲಯಗಳ ಕೈಹಿಡಿಯಿತು. ನಿಮ್ಮ ಕಾಲೇಜಿನಲ್ಲಿ ಅಂಥದ್ದು ಇದೆಯೇ? ಕೇಳಿ. ಕೇಳುವಾಗ ನಿಖರವಾಗಿರಿ. ‘ಸರ್, ಎಕನಾಮಿಕ್ಸ್ ಬುಕ್ ಬೇಕು’ ಎಂದರೆ ಅವರು ಕಪಾಟು ತೋರಿಸುತ್ತಾರೆ. ‘ಮೇಡಂ, ಗ್ರಾಮೀಣ ಬ್ಯಾಂಕ್‌ಗಳ ಸಾಲದ ಬಗ್ಗೆ ಕಳೆದ ಐದು ವರ್ಷದ ಲೇಖನ ಬೇಕು, ಶುಕ್ರವಾರ ಸೆಮಿನಾರ್ ಇದೆ’ ಎನ್ನಿ. ಉತ್ತರವೂ ಅಷ್ಟೇ ನಿಖರವಾಗಿ ಬರುತ್ತದೆ.

ಹಳ್ಳಿಯಲ್ಲಿದ್ದೀರಾ? ಗ್ರಾಮ ಪಂಚಾಯಿತಿ ಲೈಬ್ರರಿಗೆ ಹೋಗಿ. 2020ರ ಮಕ್ಕಳ ದಿನದಂದು ಆರಂಭವಾದ ‘ಓದುವ ಬೆಳಕು’ ಅಭಿಯಾನ 6ರಿಂದ 18 ವರ್ಷದವರಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಟ್ಟಿತು. ಶಾಲೆ ಮುಚ್ಚಿದ್ದಾಗ ಮಕ್ಕಳ ಕೈಯಲ್ಲಿ ಪುಸ್ತಕ ಇರಲಿ ಎಂಬುದೇ ಉದ್ದೇಶ. ಈಗ ಈ ಪಂಚಾಯಿತಿ ಲೈಬ್ರರಿಗಳ ಹೆಸರು ‘ಅರಿವು ಕೇಂದ್ರ’. ಕಂಪ್ಯೂಟರ್, ಇಂಟರ್‌ನೆಟ್ ಇರುವ ಕೇಂದ್ರಗಳೂ ಇವೆ. ತಂಗಿಯನ್ನೋ ತಮ್ಮನನ್ನೋ ಜೊತೆಗೆ ಕರೆದುಕೊಂಡು ಹೋಗಿ, ಅವರ ಹೆಸರನ್ನೂ ಬರೆಸಿ ಬನ್ನಿ.

ಕೇಳಿದರೆ ಏನಂದುಕೊಳ್ಳುತ್ತಾರೋ ಎಂಬ ಸಂಕೋಚ ಒಂದು ಅಭ್ಯಾಸ ಅಷ್ಟೇ. ವಾರಕ್ಕೆ ಒಂದು ಪ್ರಶ್ನೆ ಕೇಳುವ ನಿಯಮ ಹಾಕಿಕೊಳ್ಳಿ, ಬಿಟ್ಟುಹೋಗುತ್ತದೆ. ಕ್ಲಾಸ್‌ನ ವಾಟ್ಸ್ಆ್ಯಪ್ ಗ್ರೂಪ್‌ಗೂ ಇದೇ ನಿಯಮ. ‘ಸರ್, ಅರ್ಥ ಆಗಲಿಲ್ಲ’ ಎಂದು ಬರೆಯಬೇಡಿ. ಯಾವ ಸಾಲಿನವರೆಗೆ ಅರ್ಥವಾಯಿತು ಎಂದು ಬರೆಯಿರಿ. ಲೆಕ್ಕ ನಿಂತ ಜಾಗದ ಫೋಟೊ ಹಾಕಿ. ಮ್ಯೂಟ್‌ನಲ್ಲಿರುವ ಅರವತ್ತು ಜನರಲ್ಲಿ ಯಾರಿಗೆ ಏನು ತಿಳಿದಿಲ್ಲ ಎಂದು ಮೇಷ್ಟ್ರು ಊಹಿಸಲಾರರು.

6. ಕೋರ್ಸ್‌ಗೆ ಸೇರುವುದಾದರೆ ಪರೀಕ್ಷೆಗೂ ಕಟ್ಟಿ

ಸ್ವಯಂ ಎಂಬ ಆನ್‌ಲೈನ್ ವೇದಿಕೆಯ ಎನ್‌ಪಿಟಿಇಎಲ್ ಕೋರ್ಸ್‌ಗಳಿಗೆ ಸೇರಲು ದುಡ್ಡು ಬೇಡ. ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಫೀಸು. ಅಲ್ಲಿ ಅಸೈನ್‌ಮೆಂಟ್‌ಗೆ ಶೇ 25, ಅಂತಿಮ ಪರೀಕ್ಷೆಗೆ ಶೇ 75 ಅಂಕ. ಉಚಿತ ಕೋರ್ಸನ್ನು ಅರ್ಧಕ್ಕೆ ಬಿಡುವುದು ಸುಲಭ. ಸ್ವಂತ ದುಡ್ಡೂ ತಾರೀಖೂ ಸೇರಿದರೆ ಓದು ತಾನಾಗಿ ಮುಂದೆ ಸಾಗುತ್ತದೆ. ಒಂದು ಸಲಕ್ಕೆ ಒಂದೇ ಕೋರ್ಸ್ ಸಾಕು.

7. ಬಾಗಿಲು ತೆರೆದಿರುವಾಗಲೇ ಓದಿ

2020ರ ಮಾರ್ಚ್ 24ರಂದು ಅಮೆರಿಕದ ಇಂಟರ್‌ನೆಟ್ ಆರ್ಕೈವ್ ಸುಮಾರು 14 ಲಕ್ಷ ಸ್ಕ್ಯಾನ್ ಮಾಡಿದ ಪುಸ್ತಕಗಳ ಸರದಿ ಕಾಯುವ ಪಟ್ಟಿಯನ್ನೇ ತೆಗೆದುಹಾಕಿತು. ‘ನ್ಯಾಷನಲ್ ಎಮರ್ಜೆನ್ಸಿ ಲೈಬ್ರರಿ’ ಎಂದು ಹೆಸರು. ಲೇಖಕರು ಆಕ್ಷೇಪಿಸಿದರು, ದೊಡ್ಡ ಪ್ರಕಾಶಕರು ಕೋರ್ಟ್‌ಗೆ ಹೋದರು. ಜೂನ್ ಮಧ್ಯದಲ್ಲೇ, ಹೇಳಿದ್ದಕ್ಕಿಂತ ಮೊದಲೇ, ಅದು ಮುಚ್ಚಿತು. ಲೇಖಕರ ಹಕ್ಕಿನ ವಾದದಲ್ಲಿ ನ್ಯಾಯವಿದೆ. ನೀವು ಗಮನಿಸಬೇಕಾದದ್ದು ಬೇರೆ: ತುರ್ತಿನ ಸೌಲಭ್ಯಕ್ಕೆ ಗಡುವು ಇರುತ್ತದೆ. ಆಮೇಲೆ ಓದೋಣ ಎಂದು ಬುಕ್‌ಮಾರ್ಕ್ ಮಾಡಿ ಬಿಡಬೇಡಿ. ಇವತ್ತು ತೆರೆದ ಅಧ್ಯಾಯಕ್ಕೆ ಇವತ್ತೇ ಒಂದು ಪುಟ ನೋಟ್ಸ್ ಮಾಡಿ, ಕೈಬರಹದಲ್ಲಿ. ಪುಸ್ತಕದ ಹೆಸರು, ಪುಟದ ಸಂಖ್ಯೆ ಮೇಲೆ ಬರೆದಿಡಿ.