ಬಿ-12: ಸೂಜಿಯೇ ಬೇಕೆ, ಗುಳಿಗೆ ಸಾಲದೆ?



ನವೆಂಬರ್ ಕೊನೆಗೆ ಲುಂಡ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲು. ಸುಸ್ತಾದರೆ ನಾವೆಲ್ಲ ಚಳಿಗಾಲವನ್ನೇ ಬೈಯುತ್ತೇವೆ. ನಾನೂ ಹಾಗೇ ಮಾಡಿದೆ. ಪಾದ ಜುಮ್ಮೆನ್ನತೊಡಗಿದ ಮೇಲೆಯೇ ಆರೋಗ್ಯ ಕೇಂದ್ರಕ್ಕೆ ಹೋದದ್ದು. ಬಿ-12 ಕಡಿಮೆ, ರಕ್ತಹೀನತೆ, ಕೆಂಪು ರಕ್ತಕಣಗಳು ಇರಬೇಕಾದ್ದಕ್ಕಿಂತ ದೊಡ್ಡವು. ಡಾಕ್ಟರ್ ಬರೆದದ್ದು ಒಂದು ಮಿಲಿಗ್ರಾಂ ಗುಳಿಗೆ. ಫೋನಿನಲ್ಲಿ ಅಮ್ಮ, "ಇಂಜೆಕ್ಷನ್ ಕೊಡ್ಲಿಲ್ವಾ? ಎಂಥ ಡಾಕ್ಟ್ರೋ!" ಅಂದರು.

ಅಮ್ಮನ ಅನುಮಾನಕ್ಕೆ ಕಾರಣವಿದೆ. ಜಠರದಲ್ಲಿ ಹುಟ್ಟುವ 'ಇಂಟ್ರಿನ್ಸಿಕ್ ಫ್ಯಾಕ್ಟರ್' ಎಂಬ ಪ್ರೋಟೀನಿಗೆ ಅಂಟಿಕೊಂಡರೆ ಮಾತ್ರ ಬಿ-12 ಸಣ್ಣ ಕರುಳಿನ ಕೊನೆಯಲ್ಲಿ ಚೆನ್ನಾಗಿ ಹೀರಲ್ಪಡುತ್ತದೆ, ಅದೂ ಒಂದು ಊಟಕ್ಕೆ ಸುಮಾರು 2 ಮೈಕ್ರೋಗ್ರಾಂ. ಪರ್ನೀಷಿಯಸ್ ಅನೀಮಿಯಾ ಇರುವವರಲ್ಲಿ ಆ ಪ್ರೋಟೀನೇ ಸಾಲದು, ಹಾಗಾಗಿ ಸೂಜಿ. ಆದರೆ ದೊಡ್ಡ ಪ್ರಮಾಣ ನುಂಗಿದರೆ ಆ ಪ್ರೋಟೀನಿನ ಹಂಗಿಲ್ಲದೆ ನೂರಕ್ಕೆ ಒಂದು ಪಾಲು ತಾನಾಗಿ ರಕ್ತಕ್ಕೆ ಸೇರುತ್ತದೆ. 1968ರಲ್ಲಿ ಸ್ವೀಡನ್ನಿನ ಬರ್ಲಿನ್, ಬ್ರಾಂಟೆ ಮತ್ತವರ ಸಂಗಡಿಗರು ಇದೇ ಚಿಕಿತ್ಸೆಯ ಫಲಿತಾಂಶ ಪ್ರಕಟಿಸಿದರು. ಲೆಕ್ಕ ಹಾಕಿ: 1000 ಮೈಕ್ರೋಗ್ರಾಂನಲ್ಲಿ ಒಂದು ಪಾಲೆಂದರೆ 10, 2023ರ ನಾರ್ಡಿಕ್ ಶಿಫಾರಸಿನಂತೆ ದಿನಕ್ಕೆ ಬೇಕಾದದ್ದು 4. ಇಂಜಿನಿಯರಿಗೆ ಖುಷಿ ಕೊಡುವ ಉಪಾಯ! ಇಲ್ಲಿ ದಶಕಗಳಿಂದ ಗುಳಿಗೆಯೇ ರೂಢಿ. ನರಗಳ ತೊಂದರೆ ಜೋರಾಗಿದ್ದರೆ ಮಾತ್ರ ಇಲ್ಲೂ ಮೊದಲು ಸೂಜಿ ಕೊಡುವುದುಂಟು.

ಊರಿಂದ ತಂದ ಬಿ-ಕಾಂಪ್ಲೆಕ್ಸ್ ಸಾಲದೇ ಎಂದು ಕೇಳುವವರಿದ್ದಾರೆ. ಅವುಗಳಲ್ಲಿ ಹೆಚ್ಚಿನವುಗಳಲ್ಲಿ ಬಿ-12 ಇರುವುದು ಕೆಲವೇ ಮೈಕ್ರೋಗ್ರಾಂ. ಜೊತೆಗಿರುವ ಫೋಲಿಕ್ ಆಮ್ಲ ಹಿಮೋಗ್ಲೋಬಿನ್ ಏರಿಸಿ ಎಲ್ಲ ಸರಿಯಾಯಿತೆಂಬ ಭ್ರಮೆ ಹುಟ್ಟಿಸಬಹುದು, ಒಳಗೆ ನರಗಳು ಸವೆಯುತ್ತಲೇ ಇರುತ್ತವೆ. ಸೊಪ್ಪು, ರಾಗಿ ಒಳ್ಳೆಯವೇ, ಬಿ-12 ಮಾತ್ರ ಅವುಗಳಲ್ಲಿಲ್ಲ. ಸಸ್ಯಾಹಾರಿಗಳಿಗೆ ಹಾಲು ಮೊಸರೇ ಗತಿ; ನೀರು ಮಜ್ಜಿಗೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಮಕ್ಕಳಿಗಾಗಿ ಓಟ್ ಹಾಲಿಗೆ ಬದಲಾದ ಮನೆಗಳು ಪೊಟ್ಟಣ ಓದಲೇಬೇಕು. ನಮ್ಮ ಲುಂಡ್ ವಿಶ್ವವಿದ್ಯಾಲಯದ ಸಂಶೋಧನೆಯಿಂದಲೇ ಹುಟ್ಟಿದ ಓಟ್ಲಿಯ ಸಾಮಾನ್ಯ ಪೊಟ್ಟಣದಲ್ಲಿ ಬಿ-12 ಬೆರೆಸಿರುತ್ತಾರೆ. 'ಎಕೊಲೋಗಿಸ್ಕ್' ಎಂದು ಬರೆದಿದ್ದರೆ ಇಲ್ಲ. ಎದೆಹಾಲುಣಿಸುವ ತಾಯಿಗೆ ಕೊರತೆಯಿದ್ದರೆ ಮಗುವಿಗೂ ಕೊರತೆ, ಅದರ ಮಿದುಳಿನ ಬೆಳವಣಿಗೆಗೇ ಪೆಟ್ಟು. ಬಸುರಿಯರು ಸಸ್ಯಾಹಾರಿಗಳಾಗಿದ್ದರೆ ಬಾರ್ನ್‌ಮೋರ್ಸ್ಕಾಗೆ ಮೊದಲ ಭೇಟಿಯಲ್ಲೇ ಹೇಳಿಬಿಡಿ. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ನುಂಗುವ ಅಪ್ಪ ಅಮ್ಮಂದಿರನ್ನೂ ಪರೀಕ್ಷೆ ಮಾಡಿಸಿ.

ನಾನು ವೈದ್ಯನಲ್ಲ, ಸಂದೇಹವಿದ್ದರೆ 1177ಕ್ಕೆ ಫೋನ್ ಮಾಡಿ. ಒಂದು ಮಾತು: ರಕ್ತಪರೀಕ್ಷೆಗೆ ಮೊದಲೇ ಗುಳಿಗೆ ಶುರುಮಾಡಬೇಡಿ, ರಿಪೋರ್ಟ್ ಸುಳ್ಳು ಹೇಳುತ್ತದೆ.