ಮಲಗಿಸಿ ತೆಗೆದ ಎಕ್ಸ್‌ರೇ ಸಾಲದೆ?

ಪ್ರಶ್ನೆ: ಮಗಳಿಗೆ 9 ವರ್ಷ. ನಿಂತರೆ ಮಂಡಿಗಳು ಒಂದಕ್ಕೊಂದು ತಾಕುತ್ತವೆ, ಪಾದಗಳು ದೂರ ಉಳಿಯುತ್ತವೆ. ಊರಿನಲ್ಲಿ ಮಲಗಿಸಿ ಮಂಡಿಯ ಎಕ್ಸ್‌ರೇ ತೆಗೆದಿದ್ದರು. ಈಗ ಮೂಳೆ ಡಾಕ್ಟರು, ನಿಲ್ಲಿಸಿ ಸೊಂಟದಿಂದ ಪಾದದವರೆಗೆ ಇನ್ನೊಂದು ಬೇಕು ಅನ್ನುತ್ತಾರೆ. ಇಒಎಸ್ ಎಂಬ ಯಂತ್ರ ಇನ್ನೂ ಒಳ್ಳೆಯದು ಎಂದು ನೆಂಟರೊಬ್ಬರು ಹೇಳಿದರು. ಮಗುವಿಗೆ ಇಷ್ಟೆಲ್ಲ ಬೇಕೆ?

ಉತ್ತರ: ನಿಮ್ಮ ಡಾಕ್ಟರು ಕೇಳಿದ್ದು ಬೇಕು. ಮಗಳಿಗೆ 3 ವರ್ಷವಾಗಿದ್ದು ಎರಡೂ ಕಾಲು ಒಂದೇ ಸಮನಾಗಿದ್ದರೆ, ಕಾಯೋಣ ಅನ್ನುತ್ತಿದ್ದೆ. ಹುಟ್ಟುವಾಗ ಬಿಲ್ಲಿನಂತಿರುವ ಕಾಲು ಎರಡರ ಸುಮಾರಿಗೆ ನೆಟ್ಟಗಾಗಿ, 3–4ರಲ್ಲಿ ಮಂಡಿ ಒಳಕ್ಕೆ ವಾಲಿ, 7ರ ಹೊತ್ತಿಗೆ ದೊಡ್ಡವರ ಆಕಾರಕ್ಕೆ ಬರುತ್ತದೆ. ಫಿನ್ಲೆಂಡಿನ ಸಲೇನಿಯಸ್ ಮತ್ತು ವಾಂಕಾ 1975ರಲ್ಲೇ ಇದನ್ನು ಅಳೆದು ತೋರಿಸಿದರು. 9ರಲ್ಲೂ ಎದ್ದು ಕಾಣುವಷ್ಟು ಉಳಿದಿದ್ದರೆ ಅಳೆಯಲೇಬೇಕು.

ಅಳೆಯುವುದು ಮಂಡಿಯೊಂದನ್ನೇ ಅಲ್ಲ. ಸೊಂಟದ ಕೀಲಿನ ಗುಂಡಿನ ನಡುವಿನಿಂದ ಪಾದದ ಕೀಲಿನ ನಡುವಿಗೆ ಒಂದು ಗೆರೆ ಎಳೆಯುತ್ತಾರೆ. ಅದು ಮಂಡಿಯ ಮಧ್ಯಭಾಗದಲ್ಲಿ ಹಾಯಬೇಕು; ನಿಮ್ಮ ಮಗಳಲ್ಲಿ ಹೊರಮಗ್ಗುಲಿಗೆ ಸರಿದಿರುತ್ತದೆ. ಆಮೇಲೆ ತೊಡೆಮೂಳೆಯ ಕೆಳತುದಿಯ ಕೋನ, ಕೆಳಗಾಲಿನ ಮೂಳೆಯ ಮೇಲ್ತುದಿಯ ಕೋನ. ಎರಡೂ ಸುಮಾರು 87 ಡಿಗ್ರಿ ಇರಬೇಕು. ಯಾವುದು ತಪ್ಪಿದೆಯೋ ಆ ಮೂಳೆಯಲ್ಲೇ ಚಿಕಿತ್ಸೆ. ಮಂಡಿಯ ಚಿಕ್ಕ ಚಿತ್ರದಲ್ಲಿ ಗೆರೆಯ ಎರಡು ತುದಿಯೂ ಇಲ್ಲ. ಮಲಗಿದ ಕಾಲಿನ ಮೇಲೆ ಮೈಭಾರವೂ ಇಲ್ಲ. ಭಾರ ಬಿದ್ದಾಗ ಕೀಲು ಎಷ್ಟು ವಾಲುತ್ತದೆ ಎಂಬುದು ಅದರಲ್ಲಿ ಕಾಣುವುದಿಲ್ಲ.

ಯಂತ್ರಕ್ಕಿಂತ ಮುಖ್ಯವಾದದ್ದು ಮಗು ನಿಂತ ಭಂಗಿ. ಕುಡುಗೋಲನ್ನು ಪಕ್ಕದಿಂದ ನೋಡಿದರೆ ಬಾಗು ಕಾಣುತ್ತದೆ, ಅಲಗಿನ ನೇರಕ್ಕೆ ಹಿಡಿದರೆ ಕಡ್ಡಿಯಂತೆ ಕಾಣುತ್ತದೆ. ಕಾಲೂ ಹಾಗೆಯೇ. ಒಳ್ಳೆಯ ತಂತ್ರಜ್ಞರು ಮಗುವಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಮಂಡಿಚಿಪ್ಪನ್ನು ಎರಡು ಬೆರಳಲ್ಲಿ ಹಿಡಿದು, ಅದು ನೇರ ಮುಂದಕ್ಕೆ ನೋಡುವವರೆಗೆ ಕಾಲನ್ನು ತಿರುಗಿಸುತ್ತಾರೆ. ಪಾದ ಎತ್ತ ತಿರುಗಿದರೂ ಚಿಂತೆಯಿಲ್ಲ. ‘ಪಾದ ಜೋಡಿಸಿ ನಿಲ್ಲು’ ಎಂದು ಹೇಳಿ ಬಟನ್ ಒತ್ತಿದ ಚಿತ್ರಗಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ, ಏಕೆಂದರೆ ಮಗುವಿಗೆ ವಿಕಿರಣ ತಾಗಿತು, ಕೋನ ಮಾತ್ರ ಸಿಗಲಿಲ್ಲ. ಒಂದು ಕಾಲು ಗಿಡ್ಡವಿದ್ದರೆ ಅದರಡಿ ಹಲಗೆ ಇಟ್ಟು ಸೊಂಟ ಸಮ ಮಾಡಿಕೊಳ್ಳಬೇಕು.

ಈಗಿನ ಡಿಜಿಟಲ್ ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಎರಡು ಮೂರು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಹೊಲಿಯುತ್ತಾರೆ. ನಡುವೆ ಮಗು ಅಲುಗಿದರೆ ಹೊಲಿಗೆ ತಪ್ಪುತ್ತದೆ. ಕಿರಣಗಳು ಹರಡಿಕೊಂಡು ಬರುವುದರಿಂದ, ದೀಪದ ಮುಂದೆ ಹಿಡಿದ ಕೈಯ ನೆರಳಿನಂತೆ, ಮೂಳೆ ತುಸು ದೊಡ್ಡದಾಗಿ ಮೂಡುತ್ತದೆ. ಉದ್ದ ಅಳೆಯಬೇಕಾದಾಗ ಅಳತೆ ಗೊತ್ತಿರುವ ಗುಂಡನ್ನು ಪಕ್ಕದಲ್ಲಿಟ್ಟು ಲೆಕ್ಕ ಹಾಕುತ್ತಾರೆ. ಕೋನಕ್ಕೆ ಇದರಿಂದ ಹೆಚ್ಚು ತೊಂದರೆಯಿಲ್ಲ.

ಇಒಎಸ್ ನಿಜವಾಗಿ ಒಳ್ಳೆಯ ಯಂತ್ರ. 1992ರ ಭೌತವಿಜ್ಞಾನ ನೊಬೆಲ್ ಪಡೆದ ಜಾರ್ಜ್ ಶಾರ್ಪಾಕ್ ಅವರ ಕಣಶೋಧಕ ಇದರ ಮೂಲ. ಸೀಳಿನಂಥ ತೆಳು ಕಿರಣ ಮೇಲಿಂದ ಕೆಳಕ್ಕೆ ಸಾಗುತ್ತ ಮುಂದಿನ ಮತ್ತು ಪಕ್ಕದ ನೋಟಗಳನ್ನು ಒಟ್ಟಿಗೆ ಹಿಡಿಯುತ್ತದೆ. ಹೊಲಿಗೆ ಇಲ್ಲ, ವಿಕಿರಣವೂ ಕಡಿಮೆ. ಆದರೆ ಕೆಲವು ಸೆಕೆಂಡು ಅಲ್ಲಾಡದೆ ನಿಲ್ಲಬೇಕು, ಪುಟ್ಟ ಮಕ್ಕಳಿಗೆ ಅದೇ ಕಷ್ಟ. ನಿಮ್ಮ ಮಗಳು ನಿಂತಾಳು. ಹತ್ತಿರದಲ್ಲಿದ್ದರೆ ತೆಗೆಸಿ; ಅದಕ್ಕಾಗಿಯೇ ದೂರದ ಊರಿಗೆ ಅಲೆಯಬೇಡಿ. ಸಿ.ಟಿ. ಸದ್ಯಕ್ಕೆ ಬೇಡ. ಅದು ಮಲಗಿಸಿ ತೆಗೆಯುವಂಥದ್ದು, ಮೂಳೆ ತಿರುಚಿದೆ ಎಂಬ ಅನುಮಾನ ಬಂದಾಗ ನೆರವಾಗುತ್ತದೆ.

ಮುಂದೂಡಬೇಡಿ. ಬೆಳೆಯುವ ತುದಿಗಳು ಇನ್ನೂ ತೆರೆದಿರುವಾಗ, ಮಂಡಿಯ ಒಳಮಗ್ಗುಲಿಗೆ ಪುಟ್ಟ ಪ್ಲೇಟ್ ಹಾಕಿ, ಬೆಳವಣಿಗೆಯಿಂದಲೇ ಕಾಲನ್ನು ನೆಟ್ಟಗಾಗಿಸಬಹುದು. ಆ ತುದಿಗಳು ಮುಚ್ಚಿದ ಮೇಲೆ ಮೂಳೆ ಕತ್ತರಿಸಿ ಕೂಡಿಸುವ ದೊಡ್ಡ ಶಸ್ತ್ರಚಿಕಿತ್ಸೆಯೇ ಗತಿ.

ಹಳೆಯ ಫಿಲ್ಮನ್ನು ಎಸೆಯಬೇಡಿ. ಮಂಡಿ ಹೀಗೆ ವಾಲಲು ವಿಟಮಿನ್ ಡಿ ಕೊರತೆಯ ರಿಕೆಟ್ಸ್ ಕಾರಣವಾಗಿದ್ದರೆ ಮೂಳೆಯ ಬೆಳೆಯುವ ತುದಿಗಳು ಅಗಲವಾಗಿ, ಅಂಚು ಸವೆದ ಬಟ್ಟೆಯಂತೆ ಕಾಣುತ್ತವೆ. ಅದನ್ನು ನೋಡಲು ಮಂಡಿಯ ಆ ಚಿತ್ರವೇ ಸಾಕು. ಡಾಕ್ಟರ ಬಳಿ ಹೋಗುವಾಗ ಅದೂ ಕೈಯಲ್ಲಿರಲಿ.