ಹೊಟ್ಟೆಯ ನೀರಿಗೆ ಕಾಯಂ ನಳಿಕೆ ಹಾಕಿಸಬಹುದೇ?

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ. ಲಿವರ್ ಸಿರೋಸಿಸ್ ಆಗಿ ಹೊಟ್ಟೆಯಲ್ಲಿ ನೀರು ತುಂಬುತ್ತಿದೆ. ಎರಡು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ಏಳು ಲೀಟರಿನಷ್ಟು ತೆಗೆಸುತ್ತೇವೆ. ಕ್ಯಾನ್ಸರ್ ಆಗಿದ್ದ ಚಿಕ್ಕಮ್ಮನಿಗೆ ಹೊಟ್ಟೆಗೆ ನಳಿಕೆ ಕೂರಿಸಿದ್ದರು, ಮನೆಯಲ್ಲೇ ನೀರು ತೆಗೆಯುತ್ತಿದ್ದೆವು. ತಂದೆಗೂ ಹಾಗೇ ಮಾಡಿಸಬಹುದೇ, ಡಾಕ್ಟರೇ?
– ಹೆಸರು ಬೇಡ, ಹಾಸನ

ಉತ್ತರ: ನಿಮ್ಮ ಓಡಾಟದ ದಣಿವು ಅರ್ಥವಾಗುತ್ತದೆ. ಆದರೆ ಸದ್ಯಕ್ಕೆ ಅವಸರ ಬೇಡ. ಇಬ್ಬರಿಗೂ ಬಂದದ್ದು ಜಲೋದರವೇ ಆದರೂ ಒಳಗಿನ ನೀರು ಒಂದೇ ಅಲ್ಲ.

ಸಿರೋಸಿಸ್‌ನ ನೀರಿನಲ್ಲಿ ರೋಗಾಣುಗಳನ್ನು ತಡೆಯುವ ಪ್ರೋಟೀನ್ ಕಡಿಮೆ. ನಳಿಕೆ ಇಲ್ಲದಿದ್ದರೂ ಅದಕ್ಕೆ ಸೋಂಕು ತಗಲಬಹುದು. ನಳಿಕೆ ಒಳಗೇ ಉಳಿದರೆ ಚರ್ಮದ ಮೇಲಿನ ರೋಗಾಣುಗಳಿಗೆ ದಾರಿ ಮಾಡಿಕೊಟ್ಟಂತೆ. ಹಾಗೆ ಬರುವ ಪೆರಿಟೋನೈಟಿಸ್ (ಹೊಟ್ಟೆಯ ಒಳಪೊರೆಯ ಸೋಂಕು) ಜೀವಕ್ಕೇ ಕುತ್ತು ತರಬಹುದು. ಕೊನೆಯ ಹಂತದ ಕ್ಯಾನ್ಸರ್‌ನಲ್ಲಿ ಉಳಿದ ದಿನಗಳು ಮನೆಯಲ್ಲಿ ನೆಮ್ಮದಿಯಾಗಿ ಕಳೆಯಲಿ ಎಂದು ಈ ಅಪಾಯವನ್ನು ಒಪ್ಪಿಕೊಳ್ಳುತ್ತೇವೆ.

ಉಳಿದ ತೊಂದರೆಗಳೂ ಇವೆ: ನಳಿಕೆ ಕಟ್ಟಿಕೊಳ್ಳುವುದು, ಜಾರಿ ಹೊರಬರುವುದು, ಪಕ್ಕದಿಂದ ನೀರು ಸೋರಿ ಚರ್ಮ ಕೆಂಪಾಗುವುದು. ಕೂರಿಸುವಾಗ ರಕ್ತಸ್ರಾವವಾಗುವುದು, ಕರುಳಿಗೆ ಪೆಟ್ಟಾಗುವುದು ಅಪರೂಪ.

ನೀರಿನ ಜೊತೆ ಆಲ್ಬುಮಿನ್ ಎಂಬ ಪ್ರೋಟೀನೂ ಹೊರಹೋಗುತ್ತದೆ. ಒಮ್ಮೆಲೇ ಹೆಚ್ಚು ನೀರು ತೆಗೆದರೆ ಬಿಪಿ ಇಳಿದು ಕಿಡ್ನಿಗೆ ಪೆಟ್ಟು ಬೀಳಬಹುದು. ಆದ್ದರಿಂದ 5 ಲೀಟರಿಗಿಂತ ಹೆಚ್ಚು ತೆಗೆದಾಗ, ತೆಗೆದ ಪ್ರತಿ ಲೀಟರಿಗೆ 6ರಿಂದ 8 ಗ್ರಾಂ ಆಲ್ಬುಮಿನ್ ಡ್ರಿಪ್ ಮೂಲಕ ಕೊಡಬೇಕು. ಏಳು ಲೀಟರಿಗೆ ಅದು 20 ಗ್ರಾಂನ ಎರಡು–ಮೂರು ಬಾಟಲಿ. ತಂದೆಗೆ ಕೊಡುತ್ತಿದ್ದಾರೆಯೇ, ಕೇಳಿ ನೋಡಿ.

ಮನೆಯಲ್ಲಿ ದಿನದ ಉಪ್ಪು ಒಂದು ಚಹಾ ಚಮಚ, ಅಂದರೆ 5 ಗ್ರಾಂ ದಾಟದಿರಲಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಉಪ್ಪೂ ಇದೇ ಲೆಕ್ಕಕ್ಕೆ ಸೇರುತ್ತದೆ. ಬೇಳೆ, ಮೊಟ್ಟೆ ನಿಲ್ಲಿಸಬೇಡಿ. ಕುಡಿತವಿದ್ದರೆ ಪೂರ್ತಿ ಬಿಡಬೇಕು. ನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರೆ ಕೊಡಲೇಬೇಡಿ.

ಜ್ವರ, ಹೊಟ್ಟೆನೋವು, ಮೂತ್ರ ಕಡಿಮೆಯಾಗುವುದು, ಮಂಪರು, ತೊದಲು ಮಾತು, ತೆಗೆದ ನೀರು ಕದಡಿದಂತಿರುವುದು: ಇವುಗಳಲ್ಲಿ ಒಂದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಿ. ಸೋಂಕಿದ್ದೂ ಜ್ವರ ಬಾರದಿರಬಹುದು; ನೀರಿನ ಪರೀಕ್ಷೆಯೇ ಅದನ್ನು ಹೇಳಬೇಕು.

ಲಿವರ್ ಕಸಿ ಅಥವಾ ಲಿವರ್ ಒಳಗೆ ಸ್ಟೆಂಟ್ ಇಡುವ ‘ಟಿಪ್ಸ್’ ಚಿಕಿತ್ಸೆ ತಂದೆಗೆ ಆಗುತ್ತದೆಯೇ ಎಂದು ಲಿವರ್ ತಜ್ಞರನ್ನು ಮೊದಲು ವಿಚಾರಿಸಿ. ಎರಡೂ ಆಗದು, ಇನ್ನು ನೆಮ್ಮದಿಯಷ್ಟೇ ಗುರಿ ಎಂದಾದಾಗ ನಳಿಕೆಯ ಮಾತು ಮತ್ತೆ ಎತ್ತಬಹುದು. ಆಗ ತಂದೆಯವರ ಮನಸ್ಸನ್ನೂ ಕೇಳಿ.